ನಾಲ್ಕು ಹಾಳೆ ಪ್ರೂಫು

ಬಿಳಿ ಕೋಟು ಹಾಕಿಕೊಂಡವರನ್ನು ಕಂಡರೆ ನನಗೆ ಮೊದಲೇ ಆಗಿಬರುವುದಿಲ್ಲ. ಆಸ್ಪತ್ರೆಯವರನ್ನಾದರೂ ಸಹಿಸಿಕೊಳ್ಳಬಹುದು, ಅವರಿಗೆ ಅದು ಕೆಲಸದ ಬಟ್ಟೆ. ಕೆಟ್ಟ ಹಾರ್ಡ್‌ಡಿಸ್ಕ್ ರಿಪೇರಿ ಮಾಡುವವನೊಬ್ಬ ಬಿಳಿ ಕೋಟು ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು, ಪೇಷೆಂಟ್ ಎಲ್ಲಿ ಮೇಡಂ ಎಂದು ಕೇಳಿದರೆ ಏನನ್ನಬೇಕು? ನಾನು ನಗಬೇಕಾಗಿತ್ತೋ ಏನೋ, ನಗಲಿಲ್ಲ. ಚೀಲದಿಂದ ಡಿಸ್ಕ್ ತೆಗೆದು ಗಾಜಿನ ಕೌಂಟರಿನ ಮೇಲಿಟ್ಟೆ. ಆಗಲೇ ಎದ್ದು ಬಂದಿದ್ದರೆ ನೂರಾ ಮೂವತ್ತೇಳು ಹೆಂಗಸರ ಮಾನ ಉಳಿಯುತ್ತಿತ್ತು. ನನ್ನದೂ ಸೇರಿಸಿದರೆ ನೂರಾ ಮೂವತ್ತೆಂಟು.

ನನ್ನ ಕಸುಬು ಏನೆಂದು ಹೇಳಿಬಿಡುತ್ತೇನೆ. ನಾನು ಹೊಲಿಗೆಯವಳು. ಕಾಯಿಲೆ ಬಂದು ಎದೆ ತೆಗೆಸಿಕೊಂಡ ಹೆಂಗಸರಿಗೆ ಒಳ ಉಡುಪು ಹೊಲಿಯುತ್ತೇನೆ, ಅದರೊಳಗೆ ಇಡುವ ಮೆತ್ತೆಯನ್ನೂ ನಾನೇ ಮಾಡುತ್ತೇನೆ. ಸ್ಪಂಜು, ಅದರ ಮೇಲೆ ಮೆದು ಹತ್ತಿಬಟ್ಟೆ, ತೂಕಕ್ಕೆಂದು ಸಣ್ಣ ಮಣಿ ತುಂಬಿದ ಚೀಲ. ತೂಕ ತಪ್ಪಿದರೆ ಒಂದು ಹೆಗಲು ವಾಲುತ್ತದೆ, ವರ್ಷ ಕಳೆಯುವುದರೊಳಗೆ ಬೆನ್ನು ಹಿಡಿದುಕೊಳ್ಳುತ್ತದೆ. ಹೊಲಿಗೆ ಹೋಗಿ ಗಾಯದ ಗೆರೆಯ ಮೇಲೆ ಕೂತರೆ ಉಜ್ಜಿ ಉಜ್ಜಿ ಚರ್ಮ ಕಿತ್ತುಬರುತ್ತದೆ. ಒಬ್ಬರ ಗಾಯ ಇನ್ನೊಬ್ಬರ ಹಾಗಿರುವುದಿಲ್ಲ. ಒಬ್ಬರಿಗೆ ಗೆರೆ ನೇರ, ಒಬ್ಬರಿಗೆ ಕಂಕುಳವರೆಗೂ ಸೊಟ್ಟ, ಒಬ್ಬರಿಗೆ ಸುಕ್ಕು. ಬರೀ ಟೇಪು ಹಿಡಿದು ಅಳೆದರೆ ಇದೆಲ್ಲ ಸಿಗುವುದಿಲ್ಲ. ಅದಕ್ಕೇ ಫೋಟೊ ತೆಗೆದಿಟ್ಟುಕೊಳ್ಳುತ್ತೇನೆ. ಕುತ್ತಿಗೆಯಿಂದ ಸೊಂಟದವರೆಗೆ, ಪಕ್ಕದಲ್ಲಿ ಅಳತೆ ಟೇಪು ಇಳಿಬಿಟ್ಟು. ಮುಖ ಬರದ ಹಾಗೆ ತೆಗೆಯುತ್ತೇನೆ ಎಂಬುದು ನನ್ನ ದೊಡ್ಡ ಜಂಬ. ಆದರೆ ಫೈಲಿಗೆ ಹೆಸರಿಡುವಾಗ ಆ ಹೆಂಗಸಿನ ಹೆಸರು, ಅದರ ಮುಂದೆ ಫೋನ್ ನಂಬರು ಹಾಕುತ್ತಿದ್ದೆ. ಮೆತ್ತೆ ತಯಾರಾದ ಕೂಡಲೇ ಕರೆ ಮಾಡಲು ಸುಲಭ ಅಂತ. ಮುಖ ಮುಚ್ಚಿ ವಿಳಾಸ ಬರೆದಿಡುವ ನನ್ನಂಥ ಜಾಣೆ ಇನ್ನೊಬ್ಬಳಿರಲಿಕ್ಕಿಲ್ಲ.

ಅದರಲ್ಲಿ ಮೊದಲನೆಯ ಫೋಟೊ ನನ್ನದೇ. ಆರು ವರ್ಷದ ಕೆಳಗೆ ನನ್ನ ಎಡಗಡೆಯದನ್ನು ತೆಗೆದರು. ಅಂಗಡಿಯಲ್ಲಿ ಸಿಕ್ಕ ಮೆತ್ತೆ ಬೆವರಿಗೆ ಜಾರಿ ಹೊಟ್ಟೆಗೆ ಇಳಿಯುತ್ತಿತ್ತು. ರೇಗಿ ನಾನೇ ಹೊಲಿದುಕೊಂಡೆ. ಆಸ್ಪತ್ರೆಯ ನರ್ಸು ಒಬ್ಬಳು ನೋಡಿ ಇನ್ನೊಬ್ಬರನ್ನು ಕಳಿಸಿದಳು, ಅವರು ಮತ್ತೊಬ್ಬರನ್ನು ಕಳಿಸಿದರು. ಹಾಗೆ ಬೆಳೆದದ್ದು.

ಎಲ್ಲರಿಗಿಂತ ಕಷ್ಟವಾದದ್ದು ಟೀಚರದು. ಚಿಕ್ಕ ಮಕ್ಕಳಿಗೆ ಪಾಠ ಹೇಳುವವರು, ನನಗಿಂತ ಹತ್ತು ವರ್ಷ ದೊಡ್ಡವರು. ಎರಡು ಸಲ ಬಂದು, ಪರದೆಯ ಹಿಂದೆ ಹೋಗಿ, ಒಂದು ಗುಂಡಿಯನ್ನೂ ಬಿಚ್ಚದೆ ಹೊರಗೆ ಬಂದು, ಇನ್ನೊಂದು ದಿನ ಬರ್ತೀನಿ ಎಂದು ಹೊರಟುಹೋದವರು. ಮೂರನೆಯ ಸಲ ಒಪ್ಪಿದರು. ನಾನು ಕ್ಯಾಮೆರಾ ಕೈಗೆತ್ತಿಕೊಂಡಾಗ ಕಣ್ಣು ಮುಚ್ಚಿಕೊಂಡೇ ಹೇಳಿದರು: "ನೋಡಮ್ಮ, ನಿನ್ನ ಕಣ್ಣೊಂದು ಬಿಟ್ಟು ಬೇರೆ ಯಾರ ಕಣ್ಣಿಗೂ ಇದು ಬೀಳಬಾರದು." ನನ್ನ ಮೇಲೆ ಬಿಡಿ ಟೀಚರ್, ಅಂದೆ. ಎಷ್ಟು ಸಲೀಸಾಗಿ ಅಂದೆ!

ಮಾತಿನಂತೆ ನಡೆದುಕೊಂಡೆ ಕೂಡ. ಫೋಟೊಗಳನ್ನು ಇಂಟರ್‌ನೆಟ್ಟಿಗೆ ಹಾಕಲಿಲ್ಲ, ಮೊಬೈಲಿನಲ್ಲಿ ಉಳಿಸಿಕೊಳ್ಳಲಿಲ್ಲ. ಒಂದೇ ಡಿಸ್ಕು, ಅದು ಕಬ್ಬಿಣದ ಬೀರುವಿನಲ್ಲಿ, ಬೀಗದ ಕೈ ನನ್ನ ಹತ್ತಿರ. ಕೆಲಸವಿದ್ದಾಗ ಮಾತ್ರ ಹೊರಗೆ ಬರುತ್ತಿತ್ತು. ಅವತ್ತು ಮೇಜಿನ ಮೇಲಿತ್ತು. ಹೊಲಿಗೆ ಯಂತ್ರದ ವೈರು ನನ್ನ ಕಾಲಿಗೆ ಸಿಕ್ಕಿತು, ವೈರಿನ ಜೊತೆ ಡಿಸ್ಕು ಎಳೆದುಕೊಂಡು ಬಂದು ನೆಲಕ್ಕೆ ಬಿತ್ತು. ಎತ್ತಿ ಜೋಡಿಸಿದರೆ ಟಿಕ್ ಟಿಕ್ ಎನ್ನುತ್ತದೆಯೇ ಹೊರತು ಒಂದು ಫೈಲೂ ಕಾಣದು.

ಹೋದರೆ ಹೋಗಲಿ, ಎಲ್ಲರನ್ನೂ ಮತ್ತೆ ಕರೆದು ಮತ್ತೆ ಫೋಟೊ ತೆಗೆದರಾಯಿತು ಎಂದಳು ನನ್ನ ತಂಗಿ. ನನ್ನ ಜೊತೆ ಬಟ್ಟೆ ಕತ್ತರಿಸುವವಳು, ಫೋನು ನೋಡಿಕೊಳ್ಳುವವಳು ಅವಳೇ. ನಾನೇ ಒಪ್ಪಲಿಲ್ಲ. ಒಂದು ಸಲ ಬಿಚ್ಚಿ ನಿಲ್ಲುವುದಕ್ಕೇ ಅವರ ಜೀವ ಬಾಯಿಗೆ ಬಂದಿತ್ತು. ನಾನು ಎಡವಿದ್ದಕ್ಕೆ ಅವರು ಇನ್ನೊಂದು ಸಲ ಯಾಕೆ ಬಿಚ್ಚಬೇಕು? ಟೀಚರಿಗೆ ಫೋನ್ ಮಾಡಿ ಬನ್ನಿ ಇನ್ನೊಂದು ಸಲ ಎನ್ನುವುದು ನನ್ನಿಂದಾಗದ ಮಾತು. ಸರಿ, ಹಾಗಾದರೆ ರಿಪೇರಿಗೆ ಕೊಡೋಣ ಎಂದು ತಂಗಿಯೇ ಈ ಅಂಗಡಿಯನ್ನು ಹುಡುಕಿ ಕೊಟ್ಟಳು. ಮಾಹಿತಿ ಸಿಗದಿದ್ದರೆ ದುಡ್ಡಿಲ್ಲ ಎಂದು ಬಾಗಿಲ ಮೇಲೆ ದೊಡ್ಡದಾಗಿ ಬರೆದಿತ್ತು.

ಬಿಳಿ ಕೋಟಿನವನು ಡಿಸ್ಕನ್ನು ಕಿವಿಗೆ ಹಿಡಿದು ಕೇಳಿ, ಒಂದು ಹೊಸ ಹೊಲಿಗೆ ಯಂತ್ರದ ಬೆಲೆಯಷ್ಟು ಆಗಬಹುದು ಎಂದ. ನಾನು ಹಣಕ್ಕಿಂತ ಮೊದಲು ಕೇಳಿದ್ದು ಒಂದೇ: ಫೈಲುಗಳನ್ನು ನೀವು ತೆರೆದು ನೋಡುತ್ತೀರಾ? ಅವನು ಕಿವಿ ಮುಟ್ಟಿಕೊಂಡ. ನೋಡುವುದೆಲ್ಲ ಯಂತ್ರವಂತೆ, ಇವನಿಗೆ ಪುರಸೊತ್ತೇ ಇಲ್ಲವಂತೆ, ಇಪ್ಪತ್ತು ವರ್ಷದಲ್ಲಿ ಒಂದು ದೂರು ಬಂದಿಲ್ಲವಂತೆ. ಬೆಣ್ಣೆ ಹಚ್ಚಿದಂಥ ಮಾತು. ಆಮೇಲೆ ಒಂದು ಫಾರ್ಮ್ ಕೊಟ್ಟ. ಹಿಂದುಗಡೆ ಇರುವೆ ಸಾಲಿನ ಹಾಗೆ ಷರತ್ತುಗಳಿದ್ದವು. ಓದದೆ ರುಜು ಹಾಕಿದೆ. ಮುಂದುಗಡೆ ಒಂದು ಸಾಲಿತ್ತು: ಎಲ್ಲಕ್ಕಿಂತ ಮುಖ್ಯವಾದ ಫೋಲ್ಡರ್ ಯಾವುದು, ಅದನ್ನು ಮೊದಲು ತೆಗೆಯುತ್ತೇವೆ. ನಾನು ದುಂಡಗೆ ಬರೆದೆ: ಅಳತೆ ಫೋಟೊ. ಅದರ ಕೆಳಗೆ, ಬೇರೇನಾದರೂ ಹೇಳುವುದಿದೆಯೇ ಎಂದಿತ್ತು. ಅಲ್ಲಿ ಬರೆದೆ: ಪ್ರತಿ ಫೋಟೊಗೂ ಅದರ ಹೆಸರು, ನಂಬರು ಸರಿಯಾಗಿ ಬರಬೇಕು. ಕಳ್ಳನಿಗೆ ಬೀರು ತೋರಿಸಿ, ಯಾವ ಖಾನೆ ಅಂತಲೂ ಹೇಳಿ ಬಂದೆ. ಅವನು ಕಳ್ಳನೂ ಅಲ್ಲ, ಅದೇ ನನಗೆ ಹೆಚ್ಚು ಉರಿಯುವುದು.

ಎಂಟು ದಿನಕ್ಕೆ ಫೋನ್ ಬಂತು. ಎಲ್ಲ ಸಿಕ್ಕಿದೆ, ಒಂದೂ ಬಿಡದೆ ಸಿಕ್ಕಿದೆ, ಆದರೆ ಖರ್ಚು ಮೂರು ಪಟ್ಟಾಗಿದೆ. ಒಳಗಿನ ಒಂದು ಭಾಗ ಬದಲಿಸಬೇಕಾಯಿತಂತೆ. ನನ್ನನ್ನು ಕೇಳದೆ ಯಾಕೆ ಬದಲಿಸಿದಿರಿ ಎಂದೆ. ಫಾರ್ಮಿನ ಹಿಂದೆ ಇದೆ, ನೀವೇ ರುಜು ಹಾಕಿದ್ದೀರಿ ಎಂದ. ಬೇಡ, ಡಿಸ್ಕ್ ಹಾಗೇ ವಾಪಸ್ ಕೊಡಿ ಎಂದರೆ, ಬಿಚ್ಚಿದ್ದಕ್ಕೆ ಅರ್ಧ ಹಣ ಕೊಡಬೇಕು, ಒಮ್ಮೆ ಬಿಚ್ಚಿದ ಡಿಸ್ಕನ್ನು ಬೇರೆ ಯಾರೂ ಮುಟ್ಟುವುದಿಲ್ಲ ಎಂದ. ಅಷ್ಟು ಹೊತ್ತಿಗೆ ನನ್ನ ಜುಟ್ಟು ಅವನ ಕೈಯಲ್ಲಿತ್ತು. ಮನೆಯಲ್ಲಿದ್ದದ್ದು, ತಂಗಿಯ ಹತ್ತಿರ ಇದ್ದದ್ದು ಎಲ್ಲ ಸೇರಿಸಿಕೊಂಡು ಮಧ್ಯಾಹ್ನ ಹೋದೆ.

ಬೆಂಚಿನ ಮೇಲೆ ಒಬ್ಬ ಗಂಡಸು ಕೂತು ಟೀ ಕುಡಿಯುತ್ತಿದ್ದ. ಅವನೂ ಗಿರಾಕಿ. ಬಿಳಿ ಕೋಟಿನವನು ನನ್ನನ್ನು ಕಂಡೊಡನೆ ಕೌಂಟರಿನ ಮೇಲಿದ್ದ ತನ್ನ ಟೀ ಲೋಟ ಎತ್ತಿದ. ಲೋಟದ ಕೆಳಗೆ ಹಾಳೆಗಳಿದ್ದವು. ನಾಲ್ಕು ಹಾಳೆ, ಬಣ್ಣದ ಪ್ರಿಂಟು. ಒಂದೊಂದರಲ್ಲಿ ಮೂವತ್ತೈದು ಚೌಕ. ಒಂದೊಂದು ಚೌಕದಲ್ಲಿ ಒಬ್ಬೊಬ್ಬಳು. ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು, ಫೋನ್ ನಂಬರು.

"ಪ್ರೂಫು ಮೇಡಂ. ಕಸ್ಟಮರ್ ಒಂದೊಂದೇ ನೋಡಿ, ಎಲ್ಲ ಬಂದಿದೆ ಅಂತ ಸೈನ್ ಹಾಕ್ಬೇಕು. ಒಂದು ಕಾಪಿ ನಿಮಗೆ, ಒಂದು ನಮ್ಮ ಫೈಲಿಗೆ," ಎಂದ. "ಹೆಸರು ನಂಬರು ಸರಿಯಾಗಿರ್ಬೇಕು ಅಂತ ಬರೆದಿದ್ರಲ್ಲ, ನಾನೇ ಕೂತು ಚೆಕ್ ಮಾಡಿದೀನಿ."

ಮೇಲಿನ ಹಾಳೆಯ ಮೇಲೆ ಟೀ ಲೋಟದ ಗುಂಡಗಿನ ಕಲೆ ಇನ್ನೂ ಹಸಿಯಾಗಿತ್ತು, ಇಬ್ಬರು ಹೆಂಗಸರ ಮೈಮೇಲೆ. ಅವರಲ್ಲೊಬ್ಬಳು ಹೋದ ವರ್ಷ ತೀರಿಕೊಂಡಳು. ಹಾಳೆಗಳನ್ನು ಬಾಚಿ ಬೋರಲು ಹಾಕಿದೆ. ಬೆಂಚಿನವನು ಟೀ ಲೋಟದೊಳಗೆ ಮುಖ ಇಟ್ಟುಕೊಂಡ. ಅವನು ಎಷ್ಟು ಹೊತ್ತಿನಿಂದ ಅಲ್ಲಿ ಕೂತಿದ್ದನೋ. ನೋಡುವುದಿಲ್ಲ ಅಂದಿದ್ದಿರಲ್ಲ ಎಂದು ಬಿಳಿ ಕೋಟಿನವನನ್ನು ಕೇಳಿದೆ.

ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಅಯ್ಯೋ, ಇದ್ರಲ್ಲಿ ನೋಡೋಕೆ ಏನಿದೆ ಮೇಡಂ?"

ಅವನು ಪೋಲಿ ನಗೆ ನಕ್ಕಿದ್ದರೆ ಕಪಾಳಕ್ಕೆ ಬಿಟ್ಟು ಬರಬಹುದಿತ್ತು. ನಗಲಿಲ್ಲ. ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು ಅದು. ಇಂಥ ಎದೆಯನ್ನು ಯಾವ ಗಂಡಸು ತಾನೇ ಕಣ್ಣೆತ್ತಿ ನೋಡುತ್ತಾನೆ, ನೀವೇಕೆ ಹೆದರುತ್ತೀರಿ ಎಂಬ ಸಮಾಧಾನ. ಅವನ ಲೆಕ್ಕದಲ್ಲಿ ಮುಚ್ಚಿಕೊಳ್ಳಲು ಏನಾದರೂ ಉಳಿದವರಿಗೆ ಮಾತ್ರ ನಾಚಿಕೆ. ನೂರಾ ಮೂವತ್ತೆಂಟು ಹೆಂಗಸರನ್ನು ಒಂದೇ ಉಸಿರಿಗೆ ಕಸದ ಬುಟ್ಟಿಗೆ ಹಾಕಿ, ಅದನ್ನು ಉಪಕಾರ ಅಂದುಕೊಂಡು ನಿಂತಿದ್ದ. ಥೂ!

"ಅದರಲ್ಲಿ ಮೊದಲನೇದು ನಾನು," ಎಂದೆ.

ಯಾಕೆ ಹೇಳಿದೆನೋ, ಅವನಿಗೆ ನಾಚಿಕೆಯಾಗಲಿ ಎಂದಿರಬೇಕು. ಅವನ ಕಣ್ಣು ನನ್ನ ಮುಖದಿಂದ ಕೆಳಗಿಳಿಯಿತು. ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂತು. ಯಾವುದು ನಿಜ, ಯಾವುದು ಮೆತ್ತೆ ಎಂದು ಹುಡುಕುತ್ತಿತ್ತು. ನಾನು ಚೀಲವನ್ನು ಎದೆಗೆ ಅವುಚಿಕೊಂಡೆ. ಆರು ವರ್ಷದಲ್ಲಿ ಹಾಗೆ ಅವುಚಿಕೊಂಡಿರಲಿಲ್ಲ. "ಗೊತ್ತೇ ಆಗಲ್ಲ ಮೇಡಂ. ಒಳ್ಳೆ ಕೈಕೆಲಸ," ಎಂದ.

ಬಿಲ್ಲಿನ ಕೊನೆಯ ಸಾಲಿನಲ್ಲಿ ಗೋಪ್ಯತಾ ಶುಲ್ಕ ಎಂದು ಬೇರೆ ಹಾಕಿದ್ದ. ಇಂಥ ಕೆಲಸವನ್ನು ಕೆಲಸದವರ ಕೈಗೆ ಕೊಡದೆ ತಾನೇ ಮಾಡಿದ್ದಕ್ಕಂತೆ. ಕೂಗಾಡಬೇಕು, ಬೀದಿಯ ಜನವನ್ನೆಲ್ಲ ಸೇರಿಸಬೇಕು ಅನ್ನಿಸಿತು. ಜನ ಸೇರಿದರೆ ಮೊದಲು ನೋಡುವುದು ಆ ಹಾಳೆಗಳನ್ನೇ. ಬಾಯಿ ಮುಚ್ಚಿಕೊಂಡು ಶುಲ್ಕ ಸಮೇತ ಕೊಟ್ಟೆ. ಡಿಸ್ಕನ್ನೂ ಹಾಳೆಗಳನ್ನೂ ಚೀಲಕ್ಕೆ ತುರುಕಿ, ಅವನ ಫೈಲಿನ ಕಾಪಿಯನ್ನೂ ಕಿತ್ತುಕೊಂಡೆ. ಕಂಪ್ಯೂಟರಿನಲ್ಲಿ ಇರುವುದನ್ನು ನನ್ನೆದುರಿಗೇ ಅಳಿಸಬೇಕೆಂದು ಪಟ್ಟು ಹಿಡಿದೆ. ಅಳಿಸಿದ. ಅಳಿಸಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಅಳಿಸಿದ್ದನ್ನು ವಾಪಸ್ ತರುವುದೇ ನಮ್ಮ ಕಸುಬಲ್ಲವೇ ಮೇಡಂ ಎಂದು ನಕ್ಕ. ಅದು ಅವನ ದಿನನಿತ್ಯದ ತಮಾಷೆ ಎಂದು ಕಾಣುತ್ತದೆ, ಬೆಂಚಿನವನೂ ನಕ್ಕ.

ಬೇರೆ ಕಾಪಿ ಎಲ್ಲೂ ಇಲ್ಲ ತಾನೇ ಎಂದು ಬಾಗಿಲಲ್ಲಿ ನಿಂತು ಕೇಳಿದೆ. ಇಲ್ಲವೇ ಇಲ್ಲ ಎಂದವನು ಒಂದು ಗಳಿಗೆ ತಡೆದು, ನಮ್ಮ ಕಲರ್ ಪ್ರಿಂಟರ್ ಕೆಟ್ಟಿದೆ, ಪಕ್ಕದ ಝೆರಾಕ್ಸ್ ಅಂಗಡಿಯ ಮೊಬೈಲಿಗೆ ಕಳಿಸಿ ಪ್ರಿಂಟ್ ತೆಗೆಸಿದೆ, ಅವರು ಇಟ್ಟುಕೊಳ್ಳುವುದಿಲ್ಲ ಬಿಡಿ ಎಂದ.

ಝೆರಾಕ್ಸ್ ಅಂಗಡಿ ಅಂದರೆ ಬೀದಿಗೇ ತೆರೆದ ಗೂಡು. ಮುಂದೆ ಐದಾರು ಜನ, ಒಬ್ಬರ ಹೆಗಲ ಮೇಲೆ ಒಬ್ಬರು. ಒಳಗಿದ್ದದ್ದು ಒಬ್ಬ ಹೆಂಗಸು, ಅಷ್ಟೇ ಪುಣ್ಯ. ವಿಷಯ ಹೇಳಿದೊಡನೆ ಅವಳ ಮುಖ ಸಣ್ಣದಾಯಿತು. ಆಸ್ಪತ್ರೆಯದು ಅಂದುಕೊಂಡೆ ಅಮ್ಮಾ, ನಾನು ಸರಿಯಾಗಿ ನೋಡಲೂ ಇಲ್ಲ ಎಂದಳು. ಮೊಬೈಲಿನಿಂದ ಅಳಿಸಿದಳು. ಬಚ್ಚಿಡುವ ಹೆಂಗಸಲ್ಲ ಅವಳು, ಕೇಳದೆಯೇ ಹೇಳಿದಳು: ಮೊದಲು ತೆಗೆದ ನಾಲ್ಕು ಹಾಳೆಯಲ್ಲಿ ಅಕ್ಷರ ಸಣ್ಣದಾಯಿತೆಂದು ಅವನು ವಾಪಸ್ ಕಳಿಸಿದ್ದ, ದೊಡ್ಡದು ಮಾಡಿ ಮತ್ತೆ ತೆಗೆದಳು.

ಆ ಮೊದಲಿನ ನಾಲ್ಕು ಎಲ್ಲಿ ಎಂದೆ. ಕ್ಲಿಪ್ಪು ಹಾಕಿ ಕೌಂಟರಿನ ಮೂಲೆಗೆ ನೇತುಹಾಕಿದ್ದ ರದ್ದಿ ಕಟ್ಟನ್ನು ತೋರಿಸಿದಳು. ಒಂದು ಕಡೆ ಖಾಲಿಯಿರುವ ಹಾಳೆಗಳನ್ನು ಅವಳು ಎಸೆಯುವುದಿಲ್ಲ. ಗಿರಾಕಿಗಳು ಲೆಕ್ಕ ಹಾಕಲು, ವಿಳಾಸ ಬರೆದುಕೊಳ್ಳಲು ಹರಿದುಕೊಡುತ್ತಾಳೆ. ಕಟ್ಟನ್ನು ಕಿತ್ತು ಒಂದೊಂದಾಗಿ ತಿರುವಿದೆ. ಮೊದಲನೆಯದು ಸಿಕ್ಕಿತು, ಅದರ ಹಿಂದೆ ಯಾರೋ ಕೂಡುವ ಲೆಕ್ಕ ಮಾಡಿದ್ದರು. ಮೂರನೆಯದು ಸಿಕ್ಕಿತು. ನಾಲ್ಕನೆಯದು ಸಿಕ್ಕಿತು. ಎರಡನೆಯದು ಇರಲಿಲ್ಲ. ಕಟ್ಟನ್ನು ಮೂರು ಸಲ ಎಣಿಸಿದೆ, ಕೌಂಟರಿನ ಕೆಳಗೆ ಬಗ್ಗಿ ಹುಡುಕಿದೆ, ಅವಳ ಕಸದ ಡಬ್ಬ ಬೋರಲು ಹಾಕಿದೆ. ಯಾರಿಗೆ ಕೊಟ್ಟೆ ಎಂದು ಕೇಳಿದರೆ ಅಳುವಂತಾದಳು. ಬೆಳಗಿನಿಂದ ನೂರು ಜನ ಬಂದು ಹೋಗಿದ್ದರು.

ಎರಡನೆಯ ಹಾಳೆಯ ಮೂರನೆಯ ಸಾಲಿನಲ್ಲಿ ಟೀಚರು ಇದ್ದರು.

ಮನೆಗೆ ಬಂದು ತಂದಿದ್ದ ಹಾಳೆಗಳನ್ನೆಲ್ಲ ದೊಡ್ಡ ಕತ್ತರಿಯಲ್ಲಿ ಎಳೆ ಎಳೆಯಾಗಿ ಕತ್ತರಿಸಿದೆ. ತಂಗಿ ನೀರಿನ ಬಕೆಟ್ಟು ತಂದಿಟ್ಟಳು, ಅದರಲ್ಲಿ ನೆನೆಸಿ ಹಿಸುಕಿದೆವು. ಯಾರಿಗೂ ಹೇಳಬೇಡ ಎಂದು ಅವಳು ಬೇಡಿಕೊಂಡಳು. ಹಾಳೆಯನ್ನು ಯಾರೋ ವಿಳಾಸ ಬರೆದುಕೊಂಡು ಹರಿದು ಬಿಸಾಕಿರುತ್ತಾರೆ, ಮುಗಿದುಹೋಯಿತು. ಹೇಳಿದರೆ ಅವರ ನೆಮ್ಮದಿ ಹಾಳು, ನಮ್ಮ ಅನ್ನವೂ ಹಾಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೂ ಅದೇ ಬೇಕಾಗಿತ್ತು. ಹೂಂ ಎಂದೆ.

ಮರುದಿನ ಬೆಳಿಗ್ಗೆ ಹೊಸಬಳೊಬ್ಬಳು ಬಂದಳು. ಆಪರೇಷನ್ ಆಗಿ ಎರಡು ತಿಂಗಳು. ಪರದೆಯ ಹಿಂದೆ ಹೋಗುವ ಮೊದಲು, ಬಾಗಿಲ ಚಿಲಕ ಹಾಕಿದ್ದೀರಾ ಅಕ್ಕಾ ಎಂದು ಕೇಳಿದಳು. ಹಾಕಿದ್ದೇನೆ ಎಂದೆ. ನಂಬಿ ಬಿಚ್ಚಿದಳು. ಟೇಪು ಹಿಡಿದ ನನ್ನ ಕೈ ನೋಡಿಕೊಂಡೆ, ಬಿಳಿ ಕೋಟಿನವನ ಕೈಗೂ ಇದಕ್ಕೂ ಏನು ವ್ಯತ್ಯಾಸ ಎನ್ನಿಸಿತು. ಅವನು ನೋಡುವುದಿಲ್ಲ ಎಂದು ಸುಳ್ಳು ಹೇಳಿ ನೋಡಿದ. ನಾನು ಯಾರೂ ನೋಡುವುದಿಲ್ಲ ಎಂದು ಹೇಳಿ ಬೀದಿಗೆ ಹಾಕಿದೆ, ಈಗ ಬಾಯಿಗೆ ಬೀಗ ಹಾಕಿಕೊಂಡು ಇನ್ನೊಬ್ಬಳನ್ನು ಬಿಚ್ಚಿಸಿ ನಿಂತಿದ್ದೇನೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಫೋಟೊ ಇವತ್ತು ಬೇಡಮ್ಮ, ಬಟ್ಟೆ ಹಾಕಿಕೋ ಎಂದು ಅವಳನ್ನು ಕಳಿಸಿ, ತಂಗಿ ಬೇಡ ಬೇಡ ಎನ್ನುತ್ತಿದ್ದಂತೆಯೇ ಎಲ್ಲರಿಗಿಂತ ಮೊದಲು ಟೀಚರಿಗೆ ಫೋನ್ ಮಾಡಿದೆ.

ಅವತ್ತು ಶಾಲೆಗೆ ರಜೆ, ಮನೆಯಲ್ಲೇ ಇದ್ದರು. ಬೀಳಿಸಿದ್ದರಿಂದ ಹಿಡಿದು ಹಾಳೆ ಕಳೆದದ್ದರವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದೆ. ಕೊನೆಗೆ, ಕ್ಷಮಿಸಿ ಟೀಚರ್ ಎಂದೆ.

"ಹೆಸರೂ ಇತ್ತಾ?" ಎಂದು ಕೇಳಿದರು.

"ಇತ್ತು ಟೀಚರ್. ನಂಬರೂ ಇತ್ತು."

ಬಯ್ಯುತ್ತಾರೆ ಎಂದು ಕಾದೆ. ಬಯ್ದರೆ ಸಾಕಾಗಿತ್ತು, ಬಾಯಿ ತುಂಬ ಬಯ್ದು ಶಾಪ ಹಾಕಿದರೆ ನನಗೂ ಒಂದಿಷ್ಟು ಹಗುರವಾಗುತ್ತಿತ್ತು. ಅವರು ದನಿ ತಗ್ಗಿಸಿದರು, ಪಕ್ಕದ ಕೋಣೆಗೆ ಕೇಳಬಾರದು ಎನ್ನುವ ಹಾಗೆ.

"ನಾಲ್ಕು ವರ್ಷ ಆಯ್ತು ಕಣಮ್ಮ. ನಮ್ಮನೆಯವರಿಗೂ ನಾನಿನ್ನೂ ತೋರಿಸಿಲ್ಲ."

ಆ ಕಡೆಯಿಂದ ಬಾಗಿಲು ತೆರೆದ ಸದ್ದಾಯಿತು. ಯಾರದೇ ಫೋನು ಎಂದು ಗಂಡಸಿನ ದನಿಯೊಂದು ಮೆತ್ತಗೆ ಕೇಳಿತು.

"ಟೈಲರ್ ರೀ," ಎಂದರು ಟೀಚರು, ಎಂದಿನ ದನಿಯಲ್ಲಿ. "ಬಟ್ಟೆ ರೆಡಿಯಾಗಿದೆಯಂತೆ."

ಫೋನ್ ಇಟ್ಟುಬಿಟ್ಟರು.